ಗ್ರಾಹಕ

ಹೊಸಪೇಟೆ ಬಸ್ ನಿಲ್ದಾಣದ ಬಳಿಯ ಚಹಾ ಅಂಗಡಿಯಲ್ಲಿ ಬೆಳಗಿನ ಮೊದಲ ಗಿರಾಕಿಯದು ಬೋಣಿ. ಅಂಗಡಿಯವ ಆ ದುಡ್ಡನ್ನು ಕಣ್ಣಿಗೊತ್ತಿಕೊಂಡೇ ಗಲ್ಲಾಕ್ಕೆ ಹಾಕುತ್ತಾನೆ. ಕಂಪ್ಲಿ, ಸಂಡೂರಿನ ಸಂತೆಗಳಲ್ಲೂ ಗಿರಾಕಿಯೇ. ‘ಗ್ರಾಹಕ’ ಬ್ಯಾಂಕಿನ ಫಲಕದ ಮಾತು. ಎರಡರ ಬೇರೂ ಒಂದೇ: ಹಿಡಿ, ತೆಗೆದುಕೊ ಎಂಬರ್ಥದ ಸಂಸ್ಕೃತ ಧಾತು ‘ಗ್ರಹ್’. ಗ್ರಹಣ, ಗ್ರಹಿಕೆ ಅದೇ ಮನೆಯವು.

ರಿಸೆಪ್ಟರ್‌ಗೆ ಕನ್ನಡದ ವಿಜ್ಞಾನ ಬರಹ ‘ಗ್ರಾಹಕ’ವನ್ನೇ ಆರಿಸಿಕೊಂಡಿತು. ಒಳ್ಳೆಯ ಆಯ್ಕೆ, ಹಿಡಿಯುವ ಕೆಲಸ ಹೆಸರಿನಲ್ಲೇ ಇದೆ. ಬದಲಾದದ್ದು ಲಿಂಗ: ಅಂಗಡಿಗೆ ಬರುವವರು ಗ್ರಾಹಕರು, ನರಕೋಶದ ಮೈಮೇಲಿರುವ ಪ್ರೋಟೀನುಗಳು ಗ್ರಾಹಕಗಳು. ಮಿದುಳಿನ ರಾಸಾಯನಿಕವಾದ ಡೋಪಮೀನನ್ನು ಹಿಡಿಯುವವು ಐದು ಬಗೆ, ಡಿ1ರಿಂದ ಡಿ5ರವರೆಗೆ.

ಇವು ಒಂಟಿಯಾಗಿ ದುಡಿಯುವುದಿಲ್ಲ. ಮಿದುಳಿನ ಸ್ಟ್ರಯೇಟಮ್ ಭಾಗದಲ್ಲಿ ಡಿ2ರ ಮಗ್ಗುಲಿಗೇ ಅಡಿನೋಸಿನ್ ಎಂಬ ಇನ್ನೊಂದು ರಾಸಾಯನಿಕವನ್ನು ಹಿಡಿಯುವ ಎ2ಎ ಗ್ರಾಹಕ ಜೋಡಿಯಾಗಿರುತ್ತದೆ. ಅಡಿನೋಸಿನ್ ಬಂದು ಎ2ಎಗೆ ಕೂತರೆ, ಡಿ2 ಡೋಪಮೀನನ್ನು ಹಿಡಿಯುವ ಬಿಗಿ ಸಡಿಲವಾಗುತ್ತದೆ. ಬೋಣಿಯ ಆ ಚಹಾದ ಕೆಫೀನ್ ಅಡಿನೋಸಿನ್‌ನ ಜಾಗ ಹಿಡಿದು ಸುಮ್ಮನೆ ಕೂರುತ್ತದೆ. ಡಿ2ರ ಮೇಲಿನ ತಡೆ ತಗ್ಗುತ್ತದೆ, ತೂಕಡಿಕೆ ಹರಿಯುತ್ತದೆ. ಚಹಾ ಕುಡಿದರೆ ಡೋಪಮೀನ್ ಉಕ್ಕುತ್ತದೆ ಎನ್ನುವುದಕ್ಕಿಂತ ಈ ವಿವರಣೆ ನಿಜಕ್ಕೆ ಹತ್ತಿರ.

ಪಾರ್ಕಿನ್ಸನ್ ಕಾಯಿಲೆಗೆ ಬಳಸುವ ಇಸ್ಟ್ರಡೆಫಿಲಿನ್ ತಡೆಯುವುದೂ ಇದೇ ಎ2ಎಯನ್ನು. ಜಪಾನ್ 2013ರಲ್ಲಿ, ಅಮೆರಿಕ 2019ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟವು.