ಮಾರುತ್: ಬೆಂಗಳೂರಿನ ನೆಲದಾಳಿ ವಿಮಾನ

ಮಾರುತ್, ಎಚ್‌ಎಫ್-24: ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಎರಡು ಎಂಜಿನ್‌ಗಳದ್ದು. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ರೂಪುಗೊಂಡು 1961ರಲ್ಲಿ ಮೊದಲು ಹಾರಿತು. 1967ರಿಂದ 1980ರ ದಶಕದ ಮಧ್ಯದವರೆಗೆ ಭಾರತೀಯ ವಾಯುಪಡೆಯಲ್ಲಿ ದುಡಿಯಿತು. ತಯಾರಾದವು ಒಟ್ಟು 147. ಅವುಗಳಲ್ಲಿ 18 ತರಬೇತಿಗೆಂದು ಮಾಡಿದ ಎರಡು ಆಸನದವು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬೇಕೆಂದು ಹೊರಟ ಈ ವಿಮಾನಕ್ಕೆ ಶಬ್ದವೇಗವನ್ನು ದಾಟುವುದೇ ಕಷ್ಟವಾಯಿತು. ಹೀಗಾಗಿ ಅದು ತೀರ ತಗ್ಗಿನಲ್ಲಿ ಹಾರಿ ಶತ್ರುವಿನ ವಾಹನ, ರೈಲು, ಫಿರಂಗಿ, ಸಾಮಗ್ರಿ ದಾಸ್ತಾನುಗಳ ಮೇಲೆರಗುವ ನೆಲದಾಳಿ ವಿಮಾನವಾಗಿ ಉಳಿಯಿತು. ಎಂಜಿನ್ ಸಿಗದೆ ಸೋತ ವಿಮಾನ ಎಂದೇ ಅದನ್ನು ನೆನೆಯುವುದು ವಾಡಿಕೆ. ಆ ಮಾತು ಅರ್ಧ ನಿಜ.

ಭೂಸೇನೆಗೆ ಒತ್ತಾಸೆಯಾಗಿ ತಗ್ಗಿನಲ್ಲಿ ಹಾರುವ ವಿಮಾನಕ್ಕೆ ವೇಗಕ್ಕಿಂತ ಏಟು ತಿಂದು ಬದುಕುವ ಶಕ್ತಿ ಮುಖ್ಯ. ಎತ್ತರದಲ್ಲಿ ಹಾರುವ ವಿಮಾನಕ್ಕೆ ದೊಡ್ಡ ತೋಪು ಅಥವಾ ಕ್ಷಿಪಣಿಯ ಭಯವಷ್ಟೇ. ತಗ್ಗಿನಲ್ಲಿ ಹಾರುವುದಕ್ಕೆ ಸಾಮಾನ್ಯ ಸಿಪಾಯಿಯ ಮೆಷಿನ್‌ಗನ್ ಕೂಡ ಗಂಡಾಂತರ. ಈ ಪಾಠವನ್ನು ಜಗತ್ತು ಮೊದಲ ಮಹಾಯುದ್ಧದಲ್ಲೇ ಕಲಿತಿತ್ತು. 1917ರ ಜರ್ಮನಿಯ ಯುಂಕರ್ಸ್ ಜೆ.1 ವಿಮಾನದಲ್ಲಿ ಎಂಜಿನನ್ನೂ ಸಿಬ್ಬಂದಿಯನ್ನೂ ಉಕ್ಕಿನ ತೊಟ್ಟಿಯೊಳಗೆ ಕೂರಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ 36,000ಕ್ಕೂ ಹೆಚ್ಚು ಇಲ್ಯೂಷಿನ್ ಇಲ್-2 ವಿಮಾನಗಳನ್ನು ತಯಾರಿಸಿತು. ಅದರ ಮುಂಭಾಗದಲ್ಲಿ ಉಕ್ಕಿನ ಕವಚವೇ ವಿಮಾನದ ಅಸ್ಥಿಪಂಜರ. ಅಮೆರಿಕದ ಎ-10 ವಿಮಾನದಲ್ಲಿ ಪೈಲಟ್ ಕೂರುವುದು ಟೈಟಾನಿಯಂ ತೊಟ್ಟಿಯಲ್ಲಿ. ಮಾರುತ್‌ಗೆ ಇಂಥ ಕವಚವೇನೂ ಇರಲಿಲ್ಲ. ಅದರ ಗಟ್ಟಿತನ ಬೇರೆ ದಾರಿಯಲ್ಲಿ ಬಂತು, ಮತ್ತು ಬಹುಮಟ್ಟಿಗೆ ಅದು ಯಾರೂ ಉದ್ದೇಶಿಸದೆ ಬಂದದ್ದು.

ಕಾರ್ಖಾನೆಯ ಕಥೆ 1940ರ ಡಿಸೆಂಬರಿನದು. ಉದ್ಯಮಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸಂಸ್ಥಾನದ ಬೆಂಬಲದಿಂದ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು, ಅಂದರೆ ಈಗಿನ ಎಚ್‌ಎಎಲ್ ಅನ್ನು, ಕಟ್ಟಿದರು. ಯುದ್ಧದ ವರ್ಷಗಳಲ್ಲಿ ಅಲ್ಲಿ ನಡೆದದ್ದು ಮುಖ್ಯವಾಗಿ ಅಮೆರಿಕದ ವಾಯುಪಡೆಯ ವಿಮಾನಗಳ ರಿಪೇರಿ. ತಯಾರಿಕೆಗೆ ಬಂದ ಸ್ವಂತ ವಿನ್ಯಾಸದ ಮೊದಲ ಫಲ ಎಚ್‌ಟಿ-2 ಎಂಬ ತರಬೇತಿ ವಿಮಾನ. ವಿ. ಎಂ. ಘಾಟಗೆಯವರ ತಂಡ ಮಾಡಿದ ಅದು ಹಾರಿದ್ದು 1951ರ ಆಗಸ್ಟ್‌ನಲ್ಲಿ. ಪ್ರೊಪೆಲರಿನ ಆ ಪುಟ್ಟ ವಿಮಾನದಿಂದ ನೇರವಾಗಿ ಶಬ್ದಾತೀತ ಜೆಟ್ಟಿಗೆ ನೆಗೆಯಬೇಕೆಂದು ಐದೇ ವರ್ಷಗಳಲ್ಲಿ ಸರ್ಕಾರ ತೀರ್ಮಾನಿಸಿತು. ಧೈರ್ಯವೆನ್ನಬೇಕೋ ದುಡುಕೆನ್ನಬೇಕೋ, ಎರಡಕ್ಕೂ ಆಧಾರವಿದೆ.

ಆ ನೆಗೆತಕ್ಕೆಂದು ಕರೆತಂದವರು ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೆಯ ಮಹಾಯುದ್ಧದ ಫೋಕೆ-ವುಲ್ಫ್ 190 ವಿಮಾನದ ವಿನ್ಯಾಸಕಾರರಾದ ಇವರು ಯುದ್ಧದ ನಂತರ ಅರ್ಜೆಂಟೀನಾದಲ್ಲಿ ಜೆಟ್ ವಿಮಾನ ಕಟ್ಟಿದ್ದರು. 1956ರಲ್ಲಿ ತಮ್ಮ ಕೆಲವು ಜರ್ಮನ್ ಸಂಗಡಿಗರೊಂದಿಗೆ ಬೆಂಗಳೂರಿಗೆ ಬಂದರು. ಆಗ ಕಾರ್ಖಾನೆಯಲ್ಲಿ ಅನುಭವಿ ವಿನ್ಯಾಸ ಎಂಜಿನಿಯರುಗಳು ಬೆರಳೆಣಿಕೆಯಷ್ಟು. ಮೂಲಮಾದರಿ ಕಟ್ಟುವ ಶೆಡ್ಡಿನಿಂದ ಹಿಡಿದು ಪರೀಕ್ಷಾ ಸಲಕರಣೆಗಳವರೆಗೆ ಎಲ್ಲವನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕಿತ್ತು. ಮೊದಲು ವಿಮಾನದ ಪೂರ್ಣ ಗಾತ್ರದ ಮರದ ಗ್ಲೈಡರ್ ಕಟ್ಟಿದರು. ಡಕೋಟಾ ವಿಮಾನವೊಂದು ಅದನ್ನು ಮೇಲಕ್ಕೆಳೆದೊಯ್ದು ಬಿಡುತ್ತಿತ್ತು. 1959ರಲ್ಲಿ ಆರಂಭವಾದ ಈ ಪ್ರಯೋಗ ಹತ್ತಾರು ಹಾರಾಟ ಕಂಡಿತು. ರೆಕ್ಕೆಯ ವರ್ತನೆ, ತಗ್ಗು ವೇಗದ ಹಿಡಿತ ಎಲ್ಲವೂ ಈ ಮರದ ಹಕ್ಕಿಯ ಮೇಲೆಯೇ ಪರೀಕ್ಷೆಯಾದವು. ವಿಮಾನ ಕೈಮಾತು ಕೇಳುತ್ತದೆಂದು ಮುಂದೆ ಪೈಲಟ್‌ಗಳು ಮೆಚ್ಚಿದ್ದಕ್ಕೆ ಈ ತಾಳ್ಮೆಯೂ ಒಂದು ಕಾರಣವಿದ್ದೀತು.

ಮೊದಲ ಜೆಟ್ ಮೂಲಮಾದರಿಯನ್ನು 1961ರ ಜೂನ್ 17ರಂದು ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಒಂದು ವಾರದ ನಂತರ ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರೆದುರು ಅದು ಸಾರ್ವಜನಿಕವಾಗಿ ಹಾರಿತು. ವಿಮಾನವೇನೋ ಸಿದ್ಧ. ಅದಕ್ಕೆ ತಕ್ಕ ಎಂಜಿನ್ ಎಲ್ಲಿ? ಟ್ಯಾಂಕ್ ಎಣಿಸಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಎಂಬ, ನೂಕುಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಇರುವ ಎಂಜಿನನ್ನು. ಬ್ರಿಟನ್ ಅದನ್ನು ಕೈಬಿಟ್ಟಿತು. ಅಭಿವೃದ್ಧಿಯ ಖರ್ಚು ಹೊರಲು ಭಾರತ ಸರ್ಕಾರ ಒಪ್ಪಲಿಲ್ಲ. ಕೊನೆಗೆ ಗ್ನ್ಯಾಟ್ ವಿಮಾನಕ್ಕೆಂದು ಬೆಂಗಳೂರಿನಲ್ಲೇ ಪರವಾನಗಿಯಡಿ ತಯಾರಾಗುತ್ತಿದ್ದ ಆರ್ಫಿಯಸ್ ಎಂಜಿನ್ನಿನ 703 ಎಂಬ ಬಗೆಯನ್ನು ಕೂರಿಸಿದರು. ಒಂದೊಂದರ ನೂಕುಬಲ ಸುಮಾರು 2,200 ಕಿಲೋ. ಇಷ್ಟು ಬಲಕ್ಕೆ ವಿಮಾನದ ಮೈ ದೊಡ್ಡದಾಯಿತು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಇ-300 ಎಂಜಿನ್ ಕೂರಿಸಿ ನೋಡಲು ಒಂದು ಮಾರುತ್ ಅನ್ನು ಅಲ್ಲಿಗೆ ಕಳಿಸಿ 1967ರಲ್ಲಿ ಹಾರಿಸಲಾಯಿತು. ಆ ಯೋಜನೆಯೂ ಎರಡೇ ವರ್ಷದಲ್ಲಿ ಮುಚ್ಚಿತು. ಆರ್ಫಿಯಸ್‌ಗೇ ಆಫ್ಟರ್‌ಬರ್ನರ್ ಜೋಡಿಸುವ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. ಅಂಥ ಒಂದು ವಿಮಾನ 1970ರ ಜನವರಿ 10ರಂದು ಬಿದ್ದು, ಮಾರುತ್ ಅನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರೇ ಪ್ರಾಣ ಕಳೆದುಕೊಂಡರು. ಬೆಂಗಳೂರಿನಲ್ಲಿ ಎಚ್‌ಎಎಲ್ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಗೆ ಇಟ್ಟಿರುವುದು ಅವರದೇ ಹೆಸರು.

ವಾಯುಪಡೆಯ 10ನೇ ಸ್ಕ್ವಾಡ್ರನ್ 1967ರಲ್ಲಿ, 220ನೇ ಸ್ಕ್ವಾಡ್ರನ್ 1969ರಲ್ಲಿ ಮಾರುತ್ ಪಡೆದವು. 31ನೇ ಸ್ಕ್ವಾಡ್ರನ್ ಪಾಕಿಸ್ತಾನದ ಜೊತೆಗಿನ 1971ರ ಯುದ್ಧ ಮುಗಿದ ಮೇಲೆ ಅವುಗಳ ಜೊತೆ ಸೇರಿತು. ಮೂತಿಯಲ್ಲಿ 30 ಮಿಲಿಮೀಟರಿನ ನಾಲ್ಕು ಏಡನ್ ಫಿರಂಗಿ, ಹೊಟ್ಟೆಯೊಳಗಿಂದ ಹೊರಚಾಚುವ 50 ರಾಕೆಟ್‌ಗಳ ಪೆಟ್ಟಿಗೆ, ರೆಕ್ಕೆಯಡಿ ನಾಲ್ಕು ಬಾಂಬುಗಳಿಗೆ ಜಾಗ: ಅಂದಿನ ಲೆಕ್ಕದಲ್ಲಿ ಭಾರೀ ಆಯುಧಭಾರ. ಆದರೆ ನಾಲ್ಕೂ ಫಿರಂಗಿಗಳನ್ನು ಒಟ್ಟಿಗೆ ಹಾರಿಸಿದರೆ ಅದುರಾಟ ವಿಪರೀತವಾಗುತ್ತಿತ್ತು. ಈ ತೊಂದರೆ ಪೂರ್ತಿ ನೀಗಲೇ ಇಲ್ಲ.

1971ರ ಡಿಸೆಂಬರಿನಲ್ಲಿ ಎರಡೂ ಸ್ಕ್ವಾಡ್ರನ್‌ಗಳು ರಾಜಸ್ಥಾನದ ಜೋಧಪುರ ಮತ್ತು ಉತ್ತರಲಾಯಿಯಿಂದ ಕಾದಿದವು. ಎರಡು ವಾರದಲ್ಲಿ 300ಕ್ಕೂ ಹೆಚ್ಚು ದಾಳಿ ಹಾರಾಟಗಳಾದವು. ಗುರಿಗಳು ಹೆಚ್ಚಾಗಿ ಮುಂಚೂಣಿಯ ಹಿಂದಿನವು: ಸಿಂಧ್ ಮರುಭೂಮಿಯ ರೈಲುಗಳು, ವಾಹನಗಳ ಸಾಲು, ನಯಾ ಛೋರ್ ಸುತ್ತಿನ ಸೇನಾ ಜಮಾವಣೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಇದರಲ್ಲಿ ಬಹುಪಾಲು ನಿಕಟ ವಾಯು ಬೆಂಬಲವಲ್ಲ. ನಿಕಟ ಬೆಂಬಲವೆಂದರೆ ನಮ್ಮ ಸಿಪಾಯಿಗಳ ಎದುರಿಗೇ ನಿಂತ ಶತ್ರುವನ್ನು, ಅವರ ಕೋರಿಕೆಯ ಮೇಲೆ ಹೊಡೆಯುವುದು. ಹಿಂದಿನ ದಾರಿ ಕಡಿಯುವುದು ಬೇರೆ ಕೆಲಸ. ವಿಮಾನ ಎದುರಿಸುವ ಅಪಾಯ ಮಾತ್ರ ಎರಡರಲ್ಲೂ ಒಂದೇ.

ಆ ಅಪಾಯದಲ್ಲಿ ಮಾರುತ್ ನಡೆದುಕೊಂಡ ರೀತಿಯೇ ಅದರ ನಿಜವಾದ ಚರಿತ್ರೆ. ಕನಿಷ್ಠ ಮೂರು ಬಾರಿ ನೆಲದ ಗುಂಡೇಟಿನಿಂದ ಒಂದು ಎಂಜಿನ್ ನಿಂತುಹೋದ ಮಾರುತ್‌ಗಳು ಇನ್ನೊಂದರ ಬಲದಲ್ಲೇ ನೆಲೆ ಸೇರಿದವು. ಒಂದಂತೂ ಗಡಿಯಾಚೆ ಸುಮಾರು 240 ಕಿಲೋಮೀಟರ್ ಒಳಗಿನಿಂದ, ಜೊತೆಗೆ ಕಾವಲು ವಿಮಾನವಿಲ್ಲದೆ, ಒಂಟಿ ಎಂಜಿನ್ನಿನಲ್ಲಿ ಬಂತು. ಮತ್ತೊಂದು ಸಲ ವಾಹನಗಳ ಸಾಲನ್ನು ಗುಂಡಿಟ್ಟು ಹೊಡೆಯುವಾಗ ಸ್ಫೋಟದಿಂದ ಮೇಲೆದ್ದ ಚೂರುಗಳ ನಡುವೆಯೇ ಪೈಲಟ್ ಹಾದುಹೋಗಬೇಕಾಯಿತು. ಹಿಂಭಾಗಕ್ಕೆ ಬಲವಾದ ಪೆಟ್ಟು ಬಿದ್ದು ಒಂದು ಎಂಜಿನ್ ಆರಿತು, ಎಚ್ಚರಿಕೆಯ ದೀಪಗಳು ಹೊತ್ತಿಕೊಂಡವು. ವಿಮಾನ ಮಾತ್ರ ಹಾರುತ್ತಲೇ ಇತ್ತು. ಮಾರುತ್‌ನ ಎರಡು ಎಂಜಿನ್‌ಗಳನ್ನು ಅತಿ ವೇಗಕ್ಕೆಂದು ಇಟ್ಟಿದ್ದರು. ವೇಗ ಸಿಗಲಿಲ್ಲ, ಜೀವ ಉಳಿಯಿತು.

ಇನ್ನೊಂದು ಆಸರೆ ಹಿಡಿತದ ವ್ಯವಸ್ಥೆಯದು. ಜೆಟ್ ವಿಮಾನದ ರೆಕ್ಕೆ, ಬಾಲದ ಚಲಿಸುವ ಭಾಗಗಳನ್ನು ಸಾಮಾನ್ಯವಾಗಿ ಹೈಡ್ರಾಲಿಕ್ ಒತ್ತಡ ಆಡಿಸುತ್ತದೆ. ಆ ಕೊಳವೆಗೆ ಒಂದು ಚೂರು ತಗುಲಿ ಎಣ್ಣೆ ಸೋರಿದರೆ ಪೈಲಟ್ ಕೈಯಲ್ಲಿ ಏನೂ ಇಲ್ಲ. ಮಾರುತ್‌ನಲ್ಲಿ ಹೈಡ್ರಾಲಿಕ್ ಕೈಕೊಟ್ಟರೆ ಹಿಡಿತ ತಾನಾಗಿಯೇ ಕೈಬಲಕ್ಕೆ ಬದಲಾಗುತ್ತಿತ್ತು. ತೋಳು ಸೋಲುವಷ್ಟು ಭಾರ, ಆದರೂ ವಿಮಾನ ಮಾತು ಕೇಳುತ್ತಿತ್ತು. ಹೀಗೆ ಮರಳಿ ಬಂದವೂ ಕೆಲವು. ಇಲ್ಲೊಂದು ಹೋಲಿಕೆ ಹೇಳಲೇಬೇಕು. 2003ರ ಏಪ್ರಿಲ್ 7ರಂದು ಬಾಗ್ದಾದ್ ಮೇಲೆ ಪೆಟ್ಟು ತಿಂದ ಎ-10 ಅನ್ನು ಅಮೆರಿಕದ ಪೈಲಟ್ ಕಿಮ್ ಕ್ಯಾಂಪ್‌ಬೆಲ್ ನೆಲೆಗೆ ತಂದದ್ದು ಇದೇ ಬಗೆಯ ಕೈಬಲದ ವ್ಯವಸ್ಥೆಯಿಂದ, ಮತ್ತು ಆ ಘಟನೆ ಲೋಕಪ್ರಸಿದ್ಧವಾಯಿತು. ಬೆಂಗಳೂರಿನ ವಿಮಾನ 31 ವರ್ಷ ಮೊದಲೇ ಮರುಭೂಮಿಯಲ್ಲಿ ಇದನ್ನು ಮಾಡಿ ತೋರಿಸಿದ್ದನ್ನು ನಾವೇ ಮರೆತಿದ್ದೇವೆ.

ಆ ಯುದ್ಧದಲ್ಲಿ ಆಕಾಶ ಕಾಳಗದಲ್ಲಿ ಒಂದು ಮಾರುತ್ ಕೂಡ ಬೀಳಲಿಲ್ಲ. ಬಿದ್ದವು ನೆಲದ ಗುಂಡಿಗೆ. 220ನೇ ಸ್ಕ್ವಾಡ್ರನ್ನಿನ ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿ ಡಿಸೆಂಬರ್ 7ರಂದು ಪಾಕಿಸ್ತಾನದ ಸೇಬರ್ ಜೆಟ್ ಒಂದನ್ನು ಹೊಡೆದುರುಳಿಸಿದರೆಂದು ವಾಯುಪಡೆ ದಾಖಲಿಸಿದೆ. ಮಾರುತ್ ಪೈಲಟ್‌ಗಳಿಗೆ ಮೂರು ವೀರಚಕ್ರ ಸಂದವು.

ಅದೇ ಯುದ್ಧದಲ್ಲಿ ರಾಜಸ್ಥಾನದ ಲೋಂಗೇವಾಲಾ ಕಾಳಗದ ಜಯವನ್ನೂ ಮಾರುತ್ ಹೆಸರಿಗೆ ಬರೆಯುವವರಿದ್ದಾರೆ. 1971ರ ಡಿಸೆಂಬರ್ 5ರ ಬೆಳಗ್ಗೆ ಅಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಮುರಿದವು ಮುಖ್ಯವಾಗಿ ಜೈಸಲ್ಮೇರಿನಿಂದ ಹಾರಿದ ಬ್ರಿಟಿಷ್ ನಿರ್ಮಿತ ಹಂಟರ್ ವಿಮಾನಗಳು. ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರ ಸಣ್ಣ ತುಕಡಿ ರಾತ್ರಿಯಿಡೀ ತಡೆದು ನಿಂತಿತ್ತು. ಹಂಟರ್‌ಗಳಿಗೆ ರಾತ್ರಿ ಹಾರಿ ಹೊಡೆಯುವ ಸಾಮರ್ಥ್ಯವಿರಲಿಲ್ಲವಾದ್ದರಿಂದ ಬೆಳಕು ಹರಿಯುವವರೆಗೆ ಕಾಯಬೇಕಾಯಿತು. ನಿಕಟ ವಾಯು ಬೆಂಬಲಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಶುದ್ಧ ಉದಾಹರಣೆ ಸಿಗದು. ಅಲ್ಲಿಯೂ ಬೆಂಗಳೂರಿನ ಪಾಲೊಂದಿತ್ತು, ಬೇರೆ ವಿಮಾನದ ರೂಪದಲ್ಲಿ. ಭೂಸೇನೆಯ ವೀಕ್ಷಣಾ ತುಕಡಿಯ ಮೇಜರ್ ಆತ್ಮಾ ಸಿಂಗ್ ರಣರಂಗದ ಮೇಲೆ ನಿಧಾನವಾಗಿ ಸುತ್ತುತ್ತ, ಯಾವ ಟ್ಯಾಂಕ್ ಎಲ್ಲಿದೆ ಎಂದು ಹಂಟರ್ ಪೈಲಟ್‌ಗಳಿಗೆ ರೇಡಿಯೋದಲ್ಲಿ ತೋರಿಸಿಕೊಟ್ಟರು. ಅವರ ಕೈಯಲ್ಲಿದ್ದದ್ದು ಎಚ್‌ಎಎಲ್ ಕಟ್ಟಿದ ಕೃಷಕ್ ಎಂಬ ಒಂಟಿ ಪ್ರೊಪೆಲರಿನ ವಿಮಾನ. ಅದಕ್ಕೆ ಆಯುಧವಿಲ್ಲ, ಕವಚವಿಲ್ಲ, ವೇಗವೂ ಇಲ್ಲ. ಆತ್ಮಾ ಸಿಂಗ್ ಅವರಿಗೆ ವೀರಚಕ್ರ ಬಂತು.

ಇಂಥ ಕಣ್ಣು ಇಲ್ಲದಿದ್ದರೆ ಏನಾಗುತ್ತದೆಂಬುದು ಪಾಕಿಸ್ತಾನದ ಜೊತೆಗಿನ ಹಿಂದಿನ ಯುದ್ಧದಲ್ಲಿ, 1965ರ ಸೆಪ್ಟೆಂಬರ್ 1ರಂದು, ಜಮ್ಮುವಿನ ಛಾಂಬ್‌ನಲ್ಲಿ ಗೊತ್ತಾಗಿತ್ತು. ಸಂಜೆಯ ಗಡಿಬಿಡಿಯಲ್ಲಿ ಕಳಿಸಿದ ಹಳೆಯ ವ್ಯಾಂಪೈರ್ ವಿಮಾನಗಳಲ್ಲಿ ನಾಲ್ಕನ್ನು ಕಳೆದುಕೊಂಡದ್ದಲ್ಲದೆ, ವಾಯುದಾಳಿಯ ಏಟು ನಮ್ಮ ಸೈನಿಕರ ಮೇಲೂ ಬಿದ್ದಿತ್ತು.

ಮಾರುತ್‌ನ ಕೊನೆ ಸದ್ದಿಲ್ಲದ್ದು. ಬಿಡಿಭಾಗಗಳ ಕೊರತೆ, ಹೊಸ ಎಂಜಿನ್ನಿನ ಆಸೆ ಪೂರ್ತಿ ಬಿಟ್ಟದ್ದು, ಆಮದು ವಿಮಾನಗಳತ್ತ ವಾಯುಪಡೆಯ ಒಲವು ಸೇರಿ ಇನ್ನೂ ಹಾರಾಟದ ಆಯುಷ್ಯವಿದ್ದ ವಿಮಾನಗಳನ್ನೂ ನಿವೃತ್ತಗೊಳಿಸಿದವು. ಕುರ್ಟ್ ಟ್ಯಾಂಕ್ 1967ರಲ್ಲೇ ಭಾರತ ಬಿಟ್ಟಿದ್ದರು. ಕಾರ್ಖಾನೆ ಗ್ನ್ಯಾಟ್ ಅನ್ನು ಸುಧಾರಿಸಿ ಅಜೀತ್ ಕಟ್ಟಿತು. ಬಳಿಕ ಎರಡು ಎಂಜಿನ್ನಿನ ಜಾಗ್ವಾರ್ ಅನ್ನು ಪರವಾನಗಿಯಡಿ ತಯಾರಿಸಿತು. ಸ್ವಂತ ವಿನ್ಯಾಸದ ಯುದ್ಧವಿಮಾನಕ್ಕೆ ಬೆಂಗಳೂರು ತೇಜಸ್ ಹಾರುವ 2001ರವರೆಗೆ ಕಾಯಬೇಕಾಯಿತು. ಮಾರುತ್ ಕಲಿಸಿದ ವಿನ್ಯಾಸಕಾರರ ತಲೆಮಾರನ್ನು ಹಾಗೆ ಚದುರಲು ಬಿಟ್ಟದ್ದು ಎಂಜಿನ್ ಸಿಗದಿದ್ದುದಕ್ಕಿಂತ ದೊಡ್ಡ ನಷ್ಟ. ಉಳಿದ ಮಾರುತ್‌ಗಳಲ್ಲಿ ಒಂದು ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ, ಒಂದು ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಇವೆ. ಜರ್ಮನಿಯ ಮ್ಯೂನಿಕ್ ಬಳಿ ಶ್ಲೈಸ್‌ಹೈಮ್‌ನಲ್ಲೂ ಒಂದಿದೆ.

ಭೂಸೇನೆಗೆ ಹತ್ತಿರದಿಂದ ಒತ್ತಾಸೆ ಕೊಡುವ ಕೆಲಸ ಮತ್ತೆ ಬೆಂಗಳೂರಿಗೆ ಬಂದದ್ದು 1999ರ ಕಾರ್ಗಿಲ್ ಯುದ್ಧದ ನಂತರ. ಮೇ 28ರಂದು ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಆಯುಧಸಜ್ಜಿತ ಎಂಐ-17 ಹೆಲಿಕಾಪ್ಟರೊಂದನ್ನು ಕೆಡವಿತು. ದಾಳಿಗೆಂದೇ ಇದ್ದ ಭಾರವಾದ ರಷ್ಯನ್ ಹೆಲಿಕಾಪ್ಟರುಗಳು ಆ ಎತ್ತರದ ತೆಳುಗಾಳಿಯಲ್ಲಿ ಕೆಲಸಕ್ಕೆ ಬರಲಿಲ್ಲ. ಆ ಕೊರತೆ ತುಂಬಲೆಂದು ಎಚ್‌ಎಎಲ್ ರೂಪಿಸಿದ ಹಗುರ ದಾಳಿ ಹೆಲಿಕಾಪ್ಟರ್ 2010ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಹಾರಿತು. ಇದರಲ್ಲಿ ಗಟ್ಟಿತನ ಮೊದಲಿಂದಲೇ ಉದ್ದೇಶಿಸಿದ್ದು: ‘ಶಕ್ತಿ’ ಹೆಸರಿನ ಎರಡು ಎಂಜಿನ್, ಸಿಬ್ಬಂದಿಗೆ ರಕ್ಷಾಕವಚ, ಶಾಖ ಹುಡುಕಿ ಬರುವ ಕ್ಷಿಪಣಿಯ ದಾರಿ ತಪ್ಪಿಸುವ ಸಾಧನ, ನೆಲಕ್ಕೆ ಅಪ್ಪಳಿಸಿದರೂ ಪೆಟ್ಟು ತಡೆಯುವ ಆಸನ ಮತ್ತು ಚಕ್ರಗಳು. ಸಿಯಾಚಿನ್ ಪ್ರದೇಶದ ಹೆಲಿಪ್ಯಾಡ್‌ಗಳಲ್ಲಿ ಅದು ಇಳಿದು ತೋರಿಸಿತು. 2020ರಲ್ಲಿ ಲಡಾಖ್ ಗಡಿ ಬಿಗುವಾದಾಗ, ಸೇವೆಗೆ ಸೇರುವ ಮುನ್ನವೇ ಎರಡನ್ನು ಅಲ್ಲಿಗೆ ಕಳಿಸಿದರು. 2022ರ ಅಕ್ಟೋಬರ್ 3ರಂದು ಪ್ರಚಂಡ್ ಎಂಬ ಹೆಸರಿನಲ್ಲಿ ವಾಯುಪಡೆ ಅದನ್ನು ಸೇರಿಸಿಕೊಂಡದ್ದು ಮಾರುತ್‌ಗಳ ಹಳೆಯ ನೆಲೆಯಾದ ಜೋಧಪುರದಲ್ಲೇ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹೊಸ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. 2025ರ ಮಾರ್ಚ್‌ನಲ್ಲಿ ಸರ್ಕಾರ 156 ಪ್ರಚಂಡ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. ಅವುಗಳಲ್ಲಿ 90 ಭೂಸೇನೆಗೆ, 66 ವಾಯುಪಡೆಗೆ. ತಯಾರಿಕೆ ಬೆಂಗಳೂರು ಮತ್ತು ತುಮಕೂರುಗಳಲ್ಲಿ.