ಅಗತ್ಯಪತ್ರದ ದೋಷಗಳನ್ನು ತರ್ಕದಿಂದ ಹುಡುಕುವ ಬಗೆ

ತಂತ್ರಾಂಶವೊಂದನ್ನು ರಚಿಸುವ ಮುನ್ನ ಅದು ಯಾವ ಸಂದರ್ಭದಲ್ಲಿ ಏನು ಮಾಡಬೇಕೆಂಬುದನ್ನು ಬರಹದಲ್ಲಿ ನಿರೂಪಿಸುತ್ತಾರೆ. ಇದನ್ನು ನಾವಿಲ್ಲಿ ಅಗತ್ಯಪತ್ರವೆಂದು ಕರೆಯುತ್ತೇವೆ. ಅಗತ್ಯಗಳನ್ನು ತರ್ಕ ಮತ್ತು ಗಣಿತದ ಸಂಕೇತಗಳಲ್ಲಿ ಬರೆದು, ಅವುಗಳಲ್ಲಿನ ದೋಷಗಳನ್ನು ಗಣಕದಿಂದಲೇ ಹುಡುಕಿಸುವ ಕ್ರಮಗಳಿಗೆ ಫಾರ್ಮಲ್ ಮೆಥಡ್ಸ್, ಅಂದರೆ ಔಪಚಾರಿಕ ವಿಧಾನಗಳು, ಎಂದು ಹೆಸರು.

ಇದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ನೌಕಾಪಡೆಯ ಎ-7 ಯುದ್ಧವಿಮಾನದ್ದು. ಅದರ ಹಾರಾಟ ತಂತ್ರಾಂಶದ ಅಗತ್ಯಗಳನ್ನು ಕ್ಯಾಥರಿನ್ ಹೆನಿಂಗರ್, ಡೇವಿಡ್ ಪಾರ್ನಸ್ ಮೊದಲಾದವರು 1978ರಲ್ಲಿ ಕೋಷ್ಟಕಗಳಾಗಿ ಬರೆದರು. ಇಂತಹ ಕೋಷ್ಟಕಕ್ಕೆ ಎರಡು ನಿಯಮಗಳಿವೆ. ಅದರಲ್ಲಿ ಬರೆದ ಯಾವ ಎರಡು ಷರತ್ತುಗಳೂ ಏಕಕಾಲಕ್ಕೆ ನಿಜವಾಗಬಾರದು. ಎಲ್ಲ ಷರತ್ತುಗಳೂ ಸೇರಿ ಯಾವ ಸಂದರ್ಭವನ್ನೂ ಹೊರಗುಳಿಸಬಾರದು. ‘18 ವರ್ಷಕ್ಕಿಂತ ಕಿರಿಯರು’, ‘18 ವರ್ಷಕ್ಕಿಂತ ಹಿರಿಯರು’ ಎಂದಷ್ಟೇ ಬರೆದರೆ ಇಂದು 18 ತುಂಬಿದವರಿಗೆ ಅಲ್ಲಿ ಸ್ಥಾನವಿಲ್ಲ. ಸರಕಾರಿ ಆದೇಶದಲ್ಲಿ ತಮ್ಮ ವರ್ಗವೇ ನಮೂದಾಗದೆ ಕಚೇರಿಯಿಂದ ಕಚೇರಿಗೆ ಅಲೆದ ಗಡಿನಾಡಿನ ಓದುಗರಿಗೆ ಈ ಬಗೆಯ ದೋಷ ಹೊಸದಲ್ಲ.

ಎ-7ರ ಕೋಷ್ಟಕಗಳನ್ನು ಎರಡು ಸ್ವತಂತ್ರ ತಂಡಗಳು ಓದಿ ಪರಿಶೀಲಿಸಿದ್ದವು. ಆದರೂ 1990ರ ದಶಕದಲ್ಲಿ ಕಾನ್‌ಸ್ಟನ್ಸ್ ಹೈಟ್‌ಮೇಯರ್ ಅವರ ತಂಡ ಗಣಕದಿಂದ ಪರೀಕ್ಷಿಸಿದಾಗ, 17 ಸಾಲುಗಳಲ್ಲಿ ಸಂದರ್ಭಗಳು ಬಿಟ್ಟುಹೋಗಿದ್ದುದೂ 57 ಕಡೆ ಒಂದೇ ಸಂದರ್ಭಕ್ಕೆ ಎರಡು ಉತ್ತರಗಳಿದ್ದುದೂ ಬೆಳಕಿಗೆ ಬಂದವು. ಪರಿಶೀಲಕರ ಅಲಕ್ಷ್ಯವೇ ಇದಕ್ಕೆ ಕಾರಣವೆಂದು ನಾವು ಭಾವಿಸುವುದಿಲ್ಲ. ಕಣ್ಣು ಬರೆದುದನ್ನು ಓದುತ್ತದೆ. ಬರೆಯದೆ ಬಿಟ್ಟುದನ್ನು ಕಾಣುವುದು ಅದಕ್ಕೆ ಕಷ್ಟ. ಗಣಕವಾದರೋ ಬೇಸರವಿಲ್ಲದೆ ಪ್ರತಿಯೊಂದು ಸಾಲನ್ನೂ ಉಳಿದವುಗಳೊಂದಿಗೆ ತಾಳೆ ನೋಡುತ್ತದೆ.

ಆದರೆ ಈ ತಾಳೆ ಪತ್ರದೊಳಗಿನದು. ಪತ್ರಕ್ಕೂ ಹೊರಲೋಕಕ್ಕೂ ನಡುವಿನದಲ್ಲ. 1993ರ ಸೆಪ್ಟೆಂಬರ್ 14ರಂದು ಲುಫ್ತಾನ್ಸಾದ ಏರ್‌ಬಸ್ ಎ320 ವಿಮಾನ ವಾರ್ಸಾದ ಒದ್ದೆ ರನ್‌ವೇಯಲ್ಲಿ ಇಳಿಯಿತು. ರೆಕ್ಕೆಗಳ ಮೇಲಿನ ವೇಗತಡೆ ಹಲಗೆಗಳು ತೆರೆದುಕೊಳ್ಳಬೇಕಾದರೆ ವಿಮಾನದ ಎರಡೂ ಮುಖ್ಯ ಕಾಲುಗಳ ಮೇಲೆ ನಿಗದಿತ ಭಾರ ಬೀಳಬೇಕಿತ್ತು, ಇಲ್ಲವೆ ಚಕ್ರಗಳು ನಿಗದಿತ ವೇಗದಲ್ಲಿ ತಿರುಗಬೇಕಿತ್ತು. ಬಲಗಾಲು ಮೊದಲು ನೆಲ ಮುಟ್ಟಿತು. ಎಡಗಾಲು ಊರಿದ್ದು ಸುಮಾರು 9 ಸೆಕೆಂಡುಗಳ ತರುವಾಯ. ಅಷ್ಟರಲ್ಲಿ ಚಕ್ರಗಳು ನೀರಿನ ಮೇಲೆ ಜಾರುತ್ತಿದ್ದವು. ವಿಮಾನ ರನ್‌ವೇ ದಾಟಿ ಹೋಯಿತು, ಇಬ್ಬರು ಮೃತಪಟ್ಟರು. ಹಿಂಗಾಳಿ, ಅಧಿಕ ವೇಗ ಮೊದಲಾದ ಕಾರಣಗಳೂ ಇದ್ದವು. ಆದರೆ ತಂತ್ರಾಂಶ ಮಾತ್ರ ತನಗೆ ವಿಧಿಸಿದಂತೆಯೇ ನಡೆದಿತ್ತು. ‘ನೆಲಕ್ಕಿಳಿಯುವುದು’ ಎಂದರೇನೆಂಬುದನ್ನು ನಿರ್ಣಯಿಸುವ ಹೊಣೆ ಇಂದಿಗೂ ಅಭಿಯಂತರರದು, ವಿಮಾನ ಚಾಲಕರದು.