ಪೀಪಾಯಿಯ ಕಪ್ಪು ಬಿಯರ್: ಇದರಲ್ಲಿ ಬೆಂಗಳೂರಿನ ಪಾಲೆಷ್ಟು?

ಇವತ್ತಿನ ಸಂಚಿಕೆ ಹುಟ್ಟಿದ್ದು ಅಂಜನಾಪುರದಲ್ಲಿ, ನಮ್ಮನೆ ಟೆರೇಸ್ ಮೇಲೆ. ರಜೆಗೆ ಊರಿಗೆ ಬಂದಿದ್ದ ಗೆಳೆಯ ಒಂದು ಬಾಟಲಿ ತಂದಿದ್ದ. ಬ್ಯಾರೆಲ್ ಏಜ್ಡ್ ಇಂಪೀರಿಯಲ್ ಸ್ಟೌಟ್. ಅಂದ್ರೆ, ವಿಸ್ಕಿ ಇಟ್ಟಿದ್ದ ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಕೂರಿಸಿದ ಗಟ್ಟಿ ಕಪ್ಪು ಬಿಯರ್. ಫ್ರಿಜ್‌ನಿಂದ ತೆಗೆದ ತಕ್ಷಣ ಸುರಿಯೋಕೆ ಹೋದೆ, ಅವನು ಬಿಡಲಿಲ್ಲ. "ಅರ್ಧ ಗಂಟೆ ಹೊರಗಿಡು ಮಗಾ, ತಣ್ಣಗಿದ್ರೆ ಏನೂ ಗೊತ್ತಾಗಲ್ಲ" ಅಂದ.

ನಾಲ್ಕು ಜನ, ಒಂದೇ ಬಾಟಲಿ, ಸಣ್ಣ ಗ್ಲಾಸು. ಮೊದಲು ಮೂಸಿದ್ರೆ ಹುರಿದ ಕಾಫಿ ಬೀಜ. ಅದರ ಹಿಂದೆ ಜೋನಿ ಬೆಲ್ಲ, ಒಣದ್ರಾಕ್ಷಿ. ಸ್ವಲ್ಪ ಬೆಚ್ಚಗಾದ ಮೇಲೆ ವೆನಿಲಾ, ಆಮೇಲೆ ಒಣ ಕೊಬ್ಬರಿ. ಕೊಬ್ಬರಿ ಅಂದಾಗ ಎಲ್ಲರೂ ನಕ್ಕರು, ಆದರೆ ಅದು ನಿಜ. ಅಮೆರಿಕದ ಓಕ್ ಮರದಲ್ಲಿರುವ ಒಂದು ಅಂಶ ಕೊಬ್ಬರಿಯ ವಾಸನೆಯನ್ನೇ ಕೊಡುತ್ತೆ. ಕಾಫಿಯ ವಾಸನೆ ಕಪ್ಪಗೆ ಹುರಿದ ಬಾರ್ಲಿಯದು, ಕಾಫಿಪುಡಿ ಹಾಕಿರಲೇಬೇಕು ಅಂತಿಲ್ಲ.

ಕೊನೆಗೆ ಗೆಳೆಯ ಒಂದು ಮಾತು ಹೇಳಿದ: "ಇದೆಲ್ಲಾ ಅಮೆರಿಕದವರದು. ನಮ್ಮೂರಿಗೆ ಪೀಪಾಯಿ ಬಿಯರ್ ಎಲ್ಲಿಂದ ಗೊತ್ತು?" ಈ ಸಂಚಿಕೆ ಅವನಿಗೆ ಉತ್ತರ.

ಮೊದಲು ಹೆಸರು ನೋಡೋಣ. 18ನೇ ಶತಮಾನದ ಲಂಡನ್‌ನಲ್ಲಿ ಕೂಲಿಕಾರರು ಕುಡಿಯುತ್ತಿದ್ದ ಕಪ್ಪು ಬಿಯರ್‌ಗೆ ಪೋರ್ಟರ್ ಅಂತ ಹೆಸರು. ಅದರಲ್ಲೇ ಗಟ್ಟಿಯಾದದ್ದು ಸ್ಟೌಟ್ ಪೋರ್ಟರ್, ಬರಬರುತ್ತಾ ಬರೀ ಸ್ಟೌಟ್. ಲಂಡನ್ನಿನ ಸದರ್ಕ್‌ನಲ್ಲಿದ್ದ ಥ್ರೇಲ್ ಅವರ ಆಂಕರ್ ಬ್ರೂವರಿ ಇನ್ನೂ ಗಟ್ಟಿಯಾದದ್ದನ್ನ ರಷ್ಯಾದ ಅರಮನೆಗೆ ಕಳಿಸುತ್ತಿತ್ತು. 1781ರಲ್ಲಿ ಆ ಬ್ರೂವರಿ ಬಾರ್ಕ್ಲೇ ಪರ್ಕಿನ್ಸ್ ಕೈಗೆ ಹೋಯ್ತು, ವ್ಯಾಪಾರ ಮುಂದುವರಿಯಿತು. 'ಇಂಪೀರಿಯಲ್' ಬಂದಿದ್ದು ಆ ರಷ್ಯಾ ಸಾಮ್ರಾಜ್ಯದಿಂದ.

ಅದೇ ಕಾಲದಲ್ಲಿ ಕಪ್ಪು ಬಿಯರ್ ಇನ್ನೊಂದು ದಿಕ್ಕಿಗೂ ಹಡಗು ಹತ್ತಿತ್ತು. ಅದು ನಮ್ಮ ಕಡೆಗೆ. ಭಾರತದ ಬಿಯರ್ ಚರಿತ್ರೆ ಅಂದ್ರೆ ಎಲ್ಲರೂ ಇಂಡಿಯಾ ಪೇಲ್ ಏಲ್ ಕಥೆ ಹೇಳ್ತಾರೆ. ಅದು ಹೆಚ್ಚಾಗಿ ಅಧಿಕಾರಿಗಳ ಗ್ಲಾಸಿನದು. ಸಾಮಾನ್ಯ ಬಿಳಿ ಸಿಪಾಯಿಗೆ ಸಿಗುತ್ತಿದ್ದದ್ದು ಪೋರ್ಟರ್. ಬರುತ್ತಿದ್ದದ್ದು ಪೀಪಾಯಿಯಲ್ಲಿ. ಅಂದಹಾಗೆ ನಮ್ಮ 'ಪೀಪಾಯಿ' ಕೂಡ ಸಮುದ್ರ ದಾಟಿ ಬಂದ ಪದ, ಪೋರ್ಚುಗೀಸರ 'ಪೀಪಾ'ದಿಂದ ಬಂದದ್ದು.

1809ರಲ್ಲಿ ಬೆಂಗಳೂರಿಗೆ ದಂಡು ಬಂತು. ಆಮೇಲೆ ದಕ್ಷಿಣದಲ್ಲೇ ಬಿಯರ್ ಮಾಡೋದು ಶುರುವಾಯ್ತು. ನೀಲಗಿರಿ ಕಡೆ ಕ್ಯಾಸಲ್ ಬ್ರೂವರಿ, 1857. ಇಲ್ಲಿ ಬ್ಯಾಂಗಲೋರ್ ಬ್ರೂಯಿಂಗ್ ಕಂಪನಿ, 1885. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ಇವೂ ಸೇರಿ 5 ಬ್ರೂವರಿಗಳನ್ನ ಒಟ್ಟು ಮಾಡಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆ ಕಂಪನಿ ತನ್ನ ಬಗ್ಗೆ ಹೇಳಿಕೊಳ್ಳೋ ಚರಿತ್ರೆಯಲ್ಲಿ ಎತ್ತಿನಗಾಡಿ ಇದೆ, ಸೈನಿಕರಿಗೆ ಬಿಯರ್ ಒಯ್ಯುತ್ತಿದ್ದ ಹಾಗ್ಸ್‌ಹೆಡ್ ಪೀಪಾಯಿಗಳಿವೆ. ಒಂದು ಹಾಗ್ಸ್‌ಹೆಡ್ ಅಂದ್ರೆ 54 ಗ್ಯಾಲನ್, ಸುಮಾರು 245 ಲೀಟರ್. ಅಷ್ಟು ಭಾರವನ್ನ ಗಾಡಿಗೆ ಏರಿಸಿದವರು, ಇಳಿಸಿದವರು, ಎತ್ತು ಹೊಡೆದವರು ಯಾರು? ಲೀಶ್‌ಮನ್ ಹೆಸರು ಉಳಿದಿದೆ. 1947ರಲ್ಲಿ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದ ವಿಠಲ್ ಮಲ್ಯರ ಹೆಸರು ಗ್ರಾಂಟ್ ರಸ್ತೆಗೇ ಬಂತು. ಬ್ರೂವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ. ಗಾಡಿಯವರ ಹೆಸರಿನ ಒಂದು ಕಲ್ಲೂ ಅಲ್ಲಿಲ್ಲ.

ಹಾಗಾದ್ರೆ ಆಗಿನ ಬಿಯರ್ ಕೂಡ 'ಬ್ಯಾರೆಲ್ ಏಜ್ಡ್' ಅಲ್ವಾ? ಅಲ್ಲ. ಇಲ್ಲೇ ಮಜಾ ಇರೋದು. ಆಗ ಪೀಪಾಯಿ ಬರೀ ಪಾತ್ರೆ. ಮರದ ರುಚಿ ಬಿಯರ್‌ಗೆ ಇಳಿದರೆ ಅದು ದೋಷ. ಇಂಗ್ಲಿಷ್ ಬ್ರೂವರಿಗಳು ರುಚಿ ಬಿಡದ ಬಾಲ್ಟಿಕ್ ಓಕ್ ಹುಡುಕುತ್ತಿದ್ದವು, ಅಮೆರಿಕದ ಓಕ್ ಅಂದ್ರೆ ಮೂಗು ಮುರಿಯುತ್ತಿದ್ದವು. ನಾವು ಟೆರೇಸ್ ಮೇಲೆ ಮೆಚ್ಚಿ ತಲೆದೂಗಿದ ಕೊಬ್ಬರಿ ವಾಸನೆ, ಅವರ ಲೆಕ್ಕದಲ್ಲಿ ಮಾಲು ವಾಪಸ್ ಕಳಿಸೋ ಕಾರಣ.

ಆಮೇಲೆ ಲೋಹದ ಕೆಗ್ ಬಂತು, ಮರ ಮೂಲೆಗೆ ಸೇರಿತು. ಮರದ ಪೀಪಾಯಿಗೆ ಮತ್ತೆ ಬೆಲೆ ಬಂದಿದ್ದು 1990ರ ದಶಕದಲ್ಲಿ. ಶಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿಯ ಗ್ರೆಗ್ ಹಾಲ್, ಬೂರ್ಬನ್ ವಿಸ್ಕಿ ಖಾಲಿಯಾದ ಪೀಪಾಯಿಗೆ ಸ್ಟೌಟ್ ತುಂಬಿಸಿದ. ಪೀಪಾಯಿ ಸುಲಭವಾಗಿ ಸಿಗೋದಕ್ಕೆ ಕಾನೂನು ಕಾರಣ. ಬೂರ್ಬನ್ನನ್ನ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಹಾಗಾಗಿ ಅದೇ ಪೀಪಾಯಿ ಬೂರ್ಬನ್‌ಗೆ ಮತ್ತೆ ಬರಲ್ಲ, ಮಾರಲೇಬೇಕು.

ಹಾಗೆ ಮಾರಾಟವಾದ ಪೀಪಾಯಿಗಳು ನಮ್ಮೂರಿಗೂ ಬರ್ತವೆ. ಅಂಜನಾಪುರದಿಂದ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆ ಕಡೆ ಹೋದರೆ ಕಂಬೀಪುರ. ರಾಧಾಕೃಷ್ಣ ಜಗದಾಳೆ 1948ರಲ್ಲಿ ಶುರು ಮಾಡಿದ ಅಮೃತ್ ಡಿಸ್ಟಿಲರೀಸ್ ಇರೋದು ಅಲ್ಲಿ. 2004ರಲ್ಲಿ ಅವರ ಸಿಂಗಲ್ ಮಾಲ್ಟ್ ಬಿಡುಗಡೆಯಾಗಿದ್ದು ವಿಸ್ಕಿಯ ತವರಿನಲ್ಲೇ, ಗ್ಲಾಸ್ಗೋದಲ್ಲಿ.

ಇಲ್ಲಿ ನನ್ನ ಬಿ.ಕಾಂ. ಸ್ವಲ್ಪ ಉಪಯೋಗಕ್ಕೆ ಬರುತ್ತೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ 'ನಾರ್ಮಲ್ ಲಾಸ್' ಅಂತ ಓದಿರ್ತೀರಿ, ಎಷ್ಟೇ ಎಚ್ಚರ ಇದ್ದರೂ ಆಗೋ ನಷ್ಟ. ಪೀಪಾಯಿಯಿಂದ ಆವಿಯಾಗಿ ಹೋಗೋದೂ ಅದೇ. ಅದನ್ನ ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ 2, ಬೆಂಗಳೂರಿನಲ್ಲಿ ಶೇ 10ರಿಂದ 12. ಶೇ 10 ಅಂತಲೇ ಹಿಡಿಯಿರಿ, 200 ಲೀಟರ್ ಇಟ್ಟರೆ 4 ವರ್ಷಕ್ಕೆ ಉಳಿಯೋದು 131 ಲೀಟರ್. ಸ್ಕಾಟ್ಲೆಂಡಿನಲ್ಲಾದ್ರೆ 184. ಅದೇ ಬಿಸಿಲು ಮರದ ರುಚಿಯನ್ನೂ ಬೇಗ ಎಳೆದು ಕೊಡುತ್ತೆ. ನಮ್ಮ ಹವಾಮಾನ ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಡುತ್ತೆ.

ಹಾಗಾದ್ರೆ ಈ ಊರಲ್ಲಿ ಏನಿಲ್ಲ? ಪೀಪಾಯಿ ಇದೆ. 2010ರ ಆಸುಪಾಸಿನಿಂದ ಟಾಯ್ಟ್, ಬಿಯರ್ ಕ್ಲಬ್, ಆರ್ಬರ್, ವಿಂಡ್‌ಮಿಲ್ಸ್ ಅಂತ ಸಾಲಾಗಿ ಬಂದ ಮೈಕ್ರೋಬ್ರೂವರಿಗಳಿವೆ, ಕಪ್ಪು ಬಿಯರ್ ಮಾಡೋ ಕೈಗಳಿವೆ. ಅಡ್ಡ ಬರೋದು ಒಂದು ಸಂಖ್ಯೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಲ್ಲಿ ಸ್ಟ್ರಾಂಗ್ ಬಿಯರ್ ಅಂದ್ರೆ ಆಲ್ಕೋಹಾಲ್ ಶೇ 5ಕ್ಕಿಂತ ಹೆಚ್ಚು, ಶೇ 8ರವರೆಗೆ. ಪೀಪಾಯಿಯಿಂದ ಇಳಿದ ಇಂಪೀರಿಯಲ್ ಸ್ಟೌಟ್ ಸಾಮಾನ್ಯವಾಗಿ ಶೇ 10 ದಾಟಿರುತ್ತೆ.

ಈ ಮಿತಿ ಸರಿಯೋ ತಪ್ಪೋ? ಸಾರಾಯಿಯಿಂದ ಮನೆ ಹಾಳಾಗಿದ್ದನ್ನ ಕಂಡು 2007ರಲ್ಲಿ ಅದನ್ನ ನಿಷೇಧಿಸಿದ ರಾಜ್ಯ ನಮ್ಮದು. ಮಿತಿ ಬೇಕು ಅನ್ನೋರ ಮಾತನ್ನ ನಾನು ಸುಮ್ಮನೆ ತಳ್ಳಿಹಾಕಲ್ಲ. ಆದರೆ ಅವತ್ತು ಟೆರೇಸ್ ಮೇಲೆ ಒಂದು ಬಾಟಲಿ ನಾಲ್ಕು ಜನರಿಗೆ ಎರಡು ಗಂಟೆ ಬಂತು. ಯಾರೂ ಎರಡನೇದು ಕೇಳಲಿಲ್ಲ. ನಿಧಾನವಾಗಿ ಕುಡಿಯೋದಕ್ಕೇ ಮಾಡಿದ್ದು ಅದು.

ಗೆಳೆಯನಿಗೆ ನನ್ನ ಉತ್ತರ ಇಷ್ಟೇ. ಆ ಬಾಟಲಿ ಅಮೆರಿಕದವರದೇ ಇರಬಹುದು, ಆದರೆ ಪೀಪಾಯಿ ಬಿಯರ್ ಈ ಊರಿಗೆ ಹೊಸದಲ್ಲ. ನಮ್ಮವರು ಅದನ್ನ ಗಾಡಿಗೆ ಹೇರಿದ್ದಾರೆ, ಎಳೆದಿದ್ದಾರೆ. ಕುಡಿದವರು ಬೇರೆ, ಅಷ್ಟೇ. ಮುಂದಿನ ಸಲ ವಿಠಲ್ ಮಲ್ಯ ರಸ್ತೆಯಲ್ಲಿ ಹೋಗುವಾಗ ಒಂದು ಸಲ ಆ ಎತ್ತಿನಗಾಡಿಯನ್ನ ನೆನೆಸಿಕೊಳ್ಳಿ. ಮತ್ತೆ ಸಿಗೋಣ.